ಅಲಾರಂ ಹೊಡೆದರೆ ಬರುವವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಯಾವುದೇ ದೊಡ್ಡ ಆಸ್ಪತ್ರೆಯ ವಾರ್ಡಿಗೆ ರಾತ್ರಿ ಹೋಗಿ ನೋಡಿ. ಮಂಚದ ಮೇಲೆ ಗದಗಿನ ಕಡೆಯ ಅಜ್ಜ. ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದ ಸೊಸೆ. ಎರಡು ಗಂಟೆಗೆ ಅಜ್ಜನಿಗೆ ಎಚ್ಚರವಾಗುತ್ತದೆ, ಬಚ್ಚಲಿಗೆ ಹೋಗಬೇಕು. "ಪಾಪ, ಹಗಲೆಲ್ಲಾ ದಣದಾಳ, ಯಾಕ ಎಬ್ಬಸೂದು" ಅಂತ ತಾವೇ ಮೆಲ್ಲಗೆ ಕಾಲು ಕೆಳಗೆ ಬಿಡುತ್ತಾರೆ. ವಯಸ್ಸಾದವರು ಆಸ್ಪತ್ರೆಯಲ್ಲಿ ಬೀಳುವುದು ಬಹಳ ಸಲ ಹೀಗೇ.

ಇದು ಸಣ್ಣ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಜಾಸ್ತಿ.

ಈಗ ಇದಕ್ಕೂ ಯಂತ್ರಗಳು ಬಂದಿವೆ. ಹಾಸಿಗೆ ಕೆಳಗೆ ಇಡುವ ಪ್ಯಾಡ್ ಒಂದು. ಮೈಭಾರ ಸರಿದ ಕೂಡಲೇ ಅಲಾರಂ ಹೊಡೆಯುತ್ತದೆ. ಗೋಡೆಗೆ ಹಾಕುವ ರೇಡಾರ್ ಇನ್ನೊಂದು. ಅದು ಫೋಟೋ ತೆಗೆಯುವುದಿಲ್ಲ, ಬರೀ ಚಲನೆ ಹಿಡಿಯುತ್ತದೆ. ಹಾಗಾಗಿ ಬಚ್ಚಲಲ್ಲೂ ಇಡಬಹುದು, ಮಾನದ ಪ್ರಶ್ನೆ ಬರುವುದಿಲ್ಲ. ಕೈಗೆ ಕಟ್ಟುವ ವಾಚುಗಳೂ ಇವೆ. ಅವು ಬಿದ್ದದ್ದನ್ನು ಗುರುತಿಸಿ ಫೋನ್ ಮಾಡುತ್ತವೆ. ಅಂದರೆ ಬಿದ್ದ ಮೇಲೆ! ಅದೂ ಬೇಕು, ಇಲ್ಲ ಅನ್ನುವುದಿಲ್ಲ. ತಾಸುಗಟ್ಟಲೆ ನೆಲದ ಮೇಲೇ ಬಿದ್ದಿದ್ದರೆ ಕಿಡ್ನಿಗೂ ಪೆಟ್ಟು ಬೀಳಬಹುದು. ಆದರೆ ಅಜ್ಜ ಹಾವೇರಿಯಲ್ಲಿ, ಫೋನ್ ಹೊಡೆಯುವುದು ಪುಣೆಯಲ್ಲಿರುವ ಮಗನಿಗೆ ಅಂದರೆ ಏನು ಮಾಡೋಣ, ಹೇಳಿ?

ಹಾಸಿಗೆ ಅಲಾರಂನ ಕಥೆ ಕೇಳಿ. ಅಮೆರಿಕದ ಒಂದು ಆಸ್ಪತ್ರೆಯ 16 ವಾರ್ಡುಗಳಲ್ಲಿ ಇದನ್ನು ಪರೀಕ್ಷಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲಾರಂ ಬಳಕೆ ಹೆಚ್ಚಾಯಿತು, ಬೀಳುವುದು ಮಾತ್ರ ಕಡಿಮೆಯಾಗಲಿಲ್ಲ. ನನಗೇನೂ ಆಶ್ಚರ್ಯವಾಗಲಿಲ್ಲ. ಅಲಾರಂ ಹೊಡೆಯುವಷ್ಟರಲ್ಲಿ ಅಜ್ಜ ಎದ್ದಾಗಿರುತ್ತದೆ. ರಾತ್ರಿ ಪಾಳಿಯ ಸಿಸ್ಟರ್ ವಾರ್ಡಿನ ಆ ತುದಿಯಲ್ಲಿ ಯಾರಿಗೋ ಸಲಾಯಿನ್ ಹಚ್ಚುತ್ತಿರುತ್ತಾರೆ. ಮಗ್ಗಲು ಬದಲಿಸಿದರೂ ಕೂಗುವ ಅಲಾರಂಗೆ ಎಷ್ಟು ಸಲ ಓಡಿ ಬರುತ್ತಾರೆ ಅವರು? ವೃದ್ಧಾಶ್ರಮದವರು ಇಂಥ ಯಂತ್ರ ತೋರಿಸಿದರೆ ನೀವು ಕೇಳಬೇಕಾದ್ದು ಒಂದೇ: ನಡುರಾತ್ರಿ ಇದು ಕೂಗಿದರೆ ಬರುವವರು ಯಾರು?

ಅದೇ ದೇಶದ ಮೂರು ಬೋಧನಾ ಆಸ್ಪತ್ರೆಗಳಲ್ಲಿ ಬೇರೆ ದಾರಿ ಹಿಡಿದರು. ಈ ರೋಗಿ ಯಾಕೆ ಬೀಳಬಹುದು, ಅದಕ್ಕೆ ಏನು ಮಾಡಬೇಕು ಅಂತ ಒಂದು ಹಾಳೆಯಲ್ಲಿ ಚಿತ್ರದ ಸಮೇತ ಗುರುತು ಹಾಕಿ ಮಂಚದ ಹತ್ತಿರ ತೂಗುಹಾಕುವುದು. ಕಂಪ್ಯೂಟರಿನಿಂದ ಬೇಕಾದರೂ ಮುದ್ರಿಸಬಹುದು, ಕೈಯಿಂದ ಬೇಕಾದರೂ ತುಂಬಬಹುದು. ಆದರೆ ತುಂಬುವಾಗ ರೋಗಿ ಮತ್ತು ಮನೆಯವರನ್ನು ಕೂರಿಸಿಕೊಂಡೇ ತುಂಬಬೇಕು. 2020ರ ವರದಿಯ ಪ್ರಕಾರ ಬೀಳುವುದು ಶೇ. 15ರಷ್ಟು, ಬಿದ್ದು ಗಾಯವಾಗುವುದು ಶೇ. 34ರಷ್ಟು ಇಳಿಯಿತು.

ನಮ್ಮಲ್ಲಿ ಇದು ಇನ್ನೂ ಸುಲಭ ಅಲ್ವಾ? ಮನೆಯವರು ಹೇಗೂ ಪಕ್ಕದಲ್ಲೇ ಇರುತ್ತಾರೆ. ಅಜ್ಜ ರಾತ್ರಿ ಎಷ್ಟು ಗಂಟೆಗೆ ಏಳುತ್ತಾರೆ ಅಂತ ಸೊಸೆಗೆ ಗೊತ್ತು. ಯಂತ್ರಕ್ಕಿಂತ ಮೊದಲು ಸಿಸ್ಟರ್‌ಗೆ ಅದನ್ನು ಹೇಳಿ. ಆ ಹೊತ್ತಿಗಿಂತ ಸ್ವಲ್ಪ ಮುಂಚೆ ನೀವೇ ಎಬ್ಬಿಸಿ ಕರೆದೊಯ್ಯಿರಿ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡರೆ ಸಾಕು. ಬಿಪಿ ಮಾತ್ರೆ, ನಿದ್ದೆ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ ಇದ್ದರೆ ಯಾವ ಹೊತ್ತಿಗೆ ಕೊಡಬೇಕು ಅಂತ ಡಾಕ್ಟರನ್ನು ಕೇಳಿ. ಮಲಗಿದವರು ತಟ್ಟನೆ ಎದ್ದು ನಿಂತರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಒಂದೆರಡು ನಿಮಿಷ ಮಂಚದ ಅಂಚಿನಲ್ಲಿ ಕೂತು, ಪಾದ ಆಡಿಸಿ, ಆಮೇಲೆ ಏಳಲಿ. ಮಂಚದ ಕಟಕಟೆ ಹಾಕಿದ್ದೇವಲ್ಲ ಅಂತ ನಿಶ್ಚಿಂತೆ ಬೇಡ. ಅದನ್ನು ದಾಟಲು ಹೋಗಿ ಇನ್ನೂ ಎತ್ತರದಿಂದ ಬೀಳುವವರಿದ್ದಾರೆ.

ಮನೆಗೆ ಬಂದ ಮೇಲೆ ಏನಾದರೂ ಕೊಳ್ಳಲೇಬೇಕು ಅನ್ನಿಸಿದರೆ, ಕಾಲಿಟ್ಟ ಕೂಡಲೇ ತಾನೇ ಹತ್ತುವ ಸೆನ್ಸರ್ ಲೈಟ್ ಕೊಳ್ಳಿ. ಎರಡು ಸಾಕು: ಮಂಚದ ಕೆಳಗೊಂದು, ಬಚ್ಚಲ ಬಾಗಿಲ ಹತ್ತಿರ ಒಂದು. ಬ್ಯಾಟರಿಯದ್ದನ್ನೇ ಕೇಳಿ ತನ್ನಿ. ಕರೆಂಟ್ ಹೋದ ರಾತ್ರಿಯೇ ಅದರ ಕೆಲಸ ಜಾಸ್ತಿ. ನಮಸ್ಕಾರ.