ಹಳೆ ಅರಿವಿಯ ಕೌದಿ, ಜಾತ್ರೆಯ ರೊಟ್ಟಿ: ನಮ್ಮ ಆಯಿಯ ಬದುಕು

ಎಲ್ಲರಿಗೂ ಶರಣು ಶರಣಾರ್ಥಿ.

ನಮ್ಮ ಆಯಿ, ಅಂದರೆ ನಮ್ಮ ಅಜ್ಜಿ, ತೀರಿಕೊಂಡು ವರ್ಷವಾಯಿತು. ಅವಳ ಬಗ್ಗೆ ನಾಲ್ಕು ಮಾತು ಹೇಳು ಅಂತ ಓಣಿಯ ಹಿರಿಯರು ಕೇಳಿದ್ದೀರಿ. ನಾನು ಕೌದಿಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಇಲ್ಲಿ ಕೂತಿರುವ ಎಷ್ಟೋ ಜನ ಅವಳು ಹೊಲಿದ ಕೌದಿ ಹೊದ್ದೇ ದೊಡ್ಡವರಾದವರು.

ಕೌದಿ ಹೊಲಿಯುವುದನ್ನು ಈಗಿನ ಮಕ್ಕಳು ನೋಡಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸುಗ್ಗಿ ಮುಗಿದು ಕೈಗೆ ಬಿಡುವು ಸಿಕ್ಕ ಮೇಲೆ ಪಡಸಾಲೆ ಸಾರಿಸಿ ಒಂದು ಹಳೆ ಇಳಕಲ್ ಸೀರೆ ಹಾಸುತ್ತಿದ್ದರು. ಸುಕ್ಕು ಬೀಳದ ಹಾಗೆ ಮೂಲೆಗೆ ಕಲ್ಲೋ, ನೀರು ತುಂಬಿದ ತಂಬಿಗೆಯೋ ಇಡುವುದು. ಅದರ ಮೇಲೆ ಸವೆದ ಧೋತರ, ಹರಿದ ಪಂಚೆ, ಮೆತ್ತಗಾದ ಅರಿವಿ ಯಾವುದಿದ್ದರೂ ಸರಿ, ಪದರ ಪದರವಾಗಿ. ಎಲ್ಲಕ್ಕಿಂತ ಮೇಲೆ ಬಣ್ಣದ ತುಂಡುಗಳು. ಆಮೇಲೆ ಅಂಚಿನಿಂದ ಹೊಲಿಗೆ ಶುರು, ಸುತ್ತು ಹಾಕುತ್ತಾ ಹಾಕುತ್ತಾ ನಡುವಿಗೆ ಬರಬೇಕು. ಹೊಲಿಯುವವರು ಕೌದಿಯ ಮೇಲೆಯೇ ಕೂರುತ್ತಾರೆ, ಅವರ ಭಾರಕ್ಕೆ ಅರಿವಿ ಆಚೀಚೆ ಸರಿಯುವುದಿಲ್ಲ. ಒಂದು ಕೌದಿಗೆ ನಾಲ್ಕೂ ಕಡೆ ನಾಲ್ಕು ಹೆಣ್ಣುಮಕ್ಕಳು ಕೂತರೆ ಕೆಲಸ ಬೇಗ, ಮಾತೂ ಜಾಸ್ತಿ.

ಆಯಿಯ ಹೊಲಿಗೆ ಬಹಳ ಸಣ್ಣದು. ಸಾಲು ಮುಗಿದ ಮೇಲೆ ಅದರ ಮೇಲೆ ಹೆಬ್ಬೆರಳು ಎಳೆಯುತ್ತಿದ್ದಳು. ಎಲ್ಲಾದರೂ ಉದ್ದದ ಹೊಲಿಗೆ ಬೆರಳಿಗೆ ತಾಗಿದರೆ ಅಲ್ಲಿಂದ ಅಷ್ಟೂ ಬಿಚ್ಚಿಸುತ್ತಿದ್ದಳು, ಹೊಲಿದವರು ಬೀಗಿತ್ತಿಯೇ ಆಗಿರಲಿ. 'ಇಷ್ಟು ದೊಡ್ಡ ದಾರ ಬಿಟ್ಟರ ಕೂಸಿನ ಕಾಲಬೆರಳು ಸಿಕ್ಕೋತದವ್ವ, ನಡುರಾತ್ರಿ ಅಳತದ' ಅನ್ನುತ್ತಿದ್ದಳು. ಚೆಂದ ಕಾಣಲಿ ಅಂತ ಅವಳು ಹೊಲಿಗೆ ಸಣ್ಣ ಮಾಡಿದ್ದಲ್ಲ. ಆದರೆ ಚೆಂದವೂ ಇತ್ತು. ಕೆಂಪು ತುಂಡಿನ ಪಕ್ಕ ಕೆಂಪು ಬರದ ಹಾಗೆ ಅರ್ಧ ದಿನ ಬರೀ ತುಂಡುಗಳನ್ನೇ ಆಚೆ ಈಚೆ ಇಟ್ಟು ನೋಡುತ್ತಿದ್ದಳು.

ನನಗೆ ಸಣ್ಣವಳಿದ್ದಾಗ ಕೌದಿ ಅಂದರೆ ಮನೆಯವರ ಪಟ್ಟಿ. ಇದು ಅಜ್ಜನ ಅಂಗಿಯದ್ದು, ಇದು ದೊಡ್ಡ ಅತ್ತೆಯ ಮದುವೆಯ ಕುಪ್ಪಸದ ಖಣ, ಇದು ಎಳೆಯದರಲ್ಲೇ ಹೋದ ಕಾಕಾನಿಗೆ ಕೂಸಿದ್ದಾಗ ತಲೆಗೆ ಹಾಕಿದ ಕುಂಚಿಗೆಯದ್ದು. ಆ ಕಾಕಾನ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಆ ಅಂಗೈ ಅಗಲದ ಹಸಿರು ಖಣ ಅಷ್ಟೇ ಇತ್ತು, ಆಯಿ ಅದನ್ನು ಯಾವಾಗಲೂ ತನ್ನ ತಲೆಯ ಕಡೆ ಬರುವ ಹಾಗೆ ಹೊದೆಯುತ್ತಿದ್ದಳು. ಕೌದಿ ಪೂರ್ತಿ ಹರಿದಾಗ ಆ ತುಂಡನ್ನು ಬಿಚ್ಚಿ ಹೊಸದಕ್ಕೆ ಹಚ್ಚಿದಳು.

ಅವಳ ತವರು ಮುಂಡರಗಿ ಕಡೆ. ಆಗ ಅದು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಗಂಡನ ಮನೆ ಇಲ್ಲಿ, ಹೈದರಾಬಾದಿನ ನಿಜಾಮನ ಸೀಮೆಯ ರಾಯಚೂರು ಜಿಲ್ಲೆಯ ಕೊಪ್ಪಳ ತಾಲ್ಲೂಕು. ಇವತ್ತು ಬಸ್ಸು ಹತ್ತಿದರೆ ಬೇಗ ಮುಟ್ಟುವ ದಾರಿ, ಆಗ ಎರಡು ಸರ್ಕಾರಗಳ ನಡುವಿನ ಗಡಿ. 1947ರ ಆಗಸ್ಟಿನಲ್ಲಿ ಅವಳ ತವರಿಗೆ ಸ್ವಾತಂತ್ರ್ಯ ಬಂತು, ಗಂಡನ ಮನೆಗೆ ಬರಲಿಲ್ಲ, ನಿಜಾಮ ಭಾರತಕ್ಕೆ ಸೇರಿರಲಿಲ್ಲ. ನಿಜಾಮನ ಪರ ನಿಂತ ರಜಾಕಾರರ ಪಡೆಯ ಹಾವಳಿ ಜೋರಾದಾಗ ಈ ಕಡೆಯ ಹಳ್ಳಿಗಳ ಜನ ಗಡಿ ದಾಟಿ ಹೋದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ ಇತ್ತು, ಅಲ್ಲಿಂದ ನಿಜಾಮನ ವಿರುದ್ಧ ಹೋರಾಟ ನಡೆಯಿತು, ಅದನ್ನು ಇತಿಹಾಸದವರು ಬರೆದಿದ್ದಾರೆ. ನಮ್ಮ ಮನೆಯವರು ಹೋದದ್ದು ಆಯಿಯ ತವರಿಗೆ. ಹೊಸದಾಗಿ ಮದುವೆಯಾದ ಹುಡುಗಿ, ಇನ್ನೂ ಹದಿನಾರೋ ಹದಿನೇಳೋ, ಅತ್ತೆ ಮಾವ ನಾದಿನಿ ಎಲ್ಲರನ್ನೂ ಕರೆದುಕೊಂಡು ತವರಿನ ಬಾಗಿಲಿಗೆ ಹೋಗಿ ನಿಂತಳು. ಮನೆಯಲ್ಲಿದ್ದ ಎರಡು ಕೌದಿಯಲ್ಲಿ ಒಂದರೊಳಗೆ ಬಿತ್ತನೆ ಜೋಳ ಕಟ್ಟಿಕೊಂಡಿದ್ದರಂತೆ, ಇನ್ನೊಂದನ್ನು ಬಂಡಿಯಲ್ಲಿ ಮುದುಕಿಗೆ ಹೊದಿಸಿದ್ದರಂತೆ.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿಯಿತು. ವಾಪಸು ಬಂದರು. ಆಮೇಲೆ ಈ ಊರು ಹೈದರಾಬಾದ್ ರಾಜ್ಯ, 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ, 1997ರಲ್ಲಿ ಕೊಪ್ಪಳ ಜಿಲ್ಲೆ ಅಂತ ಆಗುತ್ತಾ ಹೋಯಿತು. ಆಯಿ ಅದೇ ಮನೆಯಲ್ಲಿ, ಅದೇ ಒಲೆಯ ಮುಂದೆ ಇದ್ದಳು. ಆದರೆ ತವರಿನಲ್ಲಿ ಕಳೆದ ಆ ದಿನಗಳ ಬಗ್ಗೆ ಅವಳು ಒಂದು ಮಾತು ಮಾತ್ರ ಹೇಳುತ್ತಿದ್ದಳು, ಅದು ತನ್ನ ತಾಯಿಯ ಬಗ್ಗೆ: ಬೀಗರು ನಿರಾಶ್ರಿತರಾಗಿ ಬಂದಿದ್ದಾರೆ ಅಂತ ಒಂದು ದಿನವೂ ಅನ್ನಿಸಗೊಡದ ಹಾಗೆ ನಡೆದುಕೊಂಡಳಂತೆ, ಊಟಕ್ಕೆ ಮೊದಲು ಅವರನ್ನೇ ಕೂರಿಸುತ್ತಿದ್ದಳಂತೆ. ಆಮೇಲೆ ಆಯಿ ಬದುಕಿಡೀ ಮಾಡಿದ ಸೇವೆ ಅಲ್ಲಿಂದಲೇ ಬಂತು ಅಂತ ನನಗೆ ಅನ್ನಿಸುತ್ತದೆ.

ತವರಿನಿಂದ ಅವಳು ಕಸೂತಿ ಕಲಿತು ಬಂದಿದ್ದಳು. ಗವಂತಿ, ಮುರಗಿ, ನೇಯ್ಗಿ, ಮೆಂತಿ ನಾಲ್ಕೂ ಥರದ ಹೊಲಿಗೆ ಬರುತ್ತಿತ್ತು. ಬಟ್ಟೆಯ ಮೇಲೆ ಗೆರೆ ಬರೆಯದೆ, ಎಳೆ ಎಣಿಸಿಯೇ ಗೋಪುರ, ತೇರು, ಆನೆ, ತುಳಸಿಕಟ್ಟೆ ತೆಗೆಯಬೇಕು. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಹೋದ ದಾರಿಯಲ್ಲೇ ದಾರ ತಿರುಗಿ ಬರುತ್ತದೆ, ಹಿಂದೂ ಮುಂದೂ ಒಂದೇ ಥರ ಕಾಣುತ್ತದೆ. ಕಣ್ಣು ಮಂಜಾದ ಮೇಲೆ ಅದನ್ನು ಬಿಟ್ಟಳು, ಕೌದಿ ಬಿಡಲಿಲ್ಲ. ಇವತ್ತು ಕಸೂತಿಗೆ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ಅನ್ನುವ ಸರ್ಕಾರದ ಗುರುತು ಇದೆ, ಇಳಕಲ್ ಸೀರೆಗೂ ಇದೆ, ಅದು ಒಳ್ಳೆಯದೇ. ಆದರೆ ಕೌದಿ ಹೊಲಿದವಳನ್ನು ಕಲಾವಿದೆ ಅಂತ ಈ ಊರಲ್ಲಿ ಯಾರಾದರೂ ಒಂದು ಸಲ ಕರೆದಿದ್ದಾರಾ? 'ಮನೆಯಲ್ಲಿ ಸುಮ್ನೆ ಕೂತಿದ್ದಾಗ ಹೊಲಿದದ್ದು' ಅಂತ ಅಂದುಬಿಡುತ್ತೇವೆ. ಅವಳು ಸುಮ್ನೆ ಕೂತದ್ದನ್ನು ನಾನಂತೂ ನೋಡಿಲ್ಲ.

ಇನ್ನು ಕುಂಚಿಗೆ. ನಮ್ಮ ಓಣಿಯಲ್ಲಿ ಕೂಸು ಹುಟ್ಟಿದರೆ ಹೆಸರಿಡುವ ಮೊದಲು ಆಯಿಯ ಕುಂಚಿಗೆ ಹೋಗುತ್ತಿತ್ತು. ತಲೆಗೆ ಟೋಪಿಯ ಹಾಗೆ ಕೂತು ಬೆನ್ನ ಮೇಲೆ ಇಳಿಯಬೇಕು, ಅಂಚಿಗೆ ಬೇರೆ ಬಣ್ಣದ ಪಟ್ಟಿ, ಮೇಲೆ ಒಂದು ಗೊಂಡೆ. ಯಾರ ಮನೆ, ಯಾವ ಜಾತಿ, ಯಾವ ಧರ್ಮ ಅಂತ ಅವಳು ಕೇಳಿದವಳಲ್ಲ. ಪಿಂಜಾರರ ಮನೆಯ ಅವ್ವ, ನೀವು ಇಲ್ಲೇ ಮುಂದೆ ಕೂತಿದ್ದೀರಿ, ನಿಮ್ಮ ಮೂರೂ ಮಕ್ಕಳಿಗೆ ಹೊಲಿದದ್ದು ನಿಮಗೆ ನೆನಪಿದೆ ಅಲ್ವಾ? ದುಡ್ಡು ಕೊಟ್ಟರೆ ಅವಳಿಗೆ ಸಿಟ್ಟು ಬರುತ್ತಿತ್ತು. ಖಣದ ತುಂಡು ಉಳಿದಿದ್ದರೆ ಕೊಡಿ ಅನ್ನುತ್ತಿದ್ದಳು, ಆ ತುಂಡು ಮುಂದಿನ ಕೂಸಿಗೆ.

ದೇವರ ವಿಷಯ. ಬೆಳಗಿನ ಜಾವ ಎದ್ದು ಸ್ನಾನ, ವಿಭೂತಿ, ಇಷ್ಟಲಿಂಗದ ಪೂಜೆ, ಅದಾಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಓದು ಬಾರದು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದರೆ ಒಂದು ದಿನ ತಪ್ಪಿಸುತ್ತಿರಲಿಲ್ಲ, ಮರುದಿನ ಅದನ್ನು ಕೌದಿಯ ಸುತ್ತ ಕೂತವರಿಗೆ ಪೂರ್ತಿ ಹೇಳುತ್ತಿದ್ದಳು, ನಡುವೆ ಶಾಸ್ತ್ರಿಗಳು ಬಿಟ್ಟದ್ದನ್ನು ತಾನೇ ಸೇರಿಸಿ. ಅವಳಿಗೆ ಪೂಜೆ ಎಷ್ಟು ಮುಖ್ಯವೋ ದಾಸೋಹ ಅಷ್ಟೇ ಮುಖ್ಯ. ಕೊಪ್ಪಳದ ಗವಿಮಠದ ಜಾತ್ರೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಪುಷ್ಯ ಬಹುಳ ಬಿದಿಗೆಗೆ ಗವಿಸಿದ್ಧೇಶ್ವರನ ತೇರು. ಮಹಾದಾಸೋಹಕ್ಕೆ ಲಕ್ಷಗಟ್ಟಲೆ ಜೋಳದ ರೊಟ್ಟಿ ಬೇಕು, ಅಷ್ಟನ್ನೂ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಮನೆಯಲ್ಲೇ ಬಡಿದು ಕಳಿಸುತ್ತಾರೆ, ಟ್ರ್ಯಾಕ್ಟರ್ ಮೇಲೆ, ಡೊಳ್ಳು ಭಜನೆಯ ಜೊತೆ. ನಮ್ಮ ಓಣಿಯ ರೊಟ್ಟಿಗೆ ಆಯಿಯೇ ಯಜಮಾನಿ.

ಆ ದಿನಗಳಲ್ಲಿ ಅವಳ ಶಿಸ್ತು ನೋಡಬೇಕಿತ್ತು. ಎಸರು ಕುದಿಯಲೇಬೇಕು, ಬೆಚ್ಚಗಿನ ನೀರಿಗೆ ಹಿಟ್ಟು ಹಾಕಿದರೆ ರೊಟ್ಟಿ ಅಂಚಿನಲ್ಲಿ ಒಡೆಯುತ್ತದೆ. ಚೆನ್ನಾಗಿ ನಾದಬೇಕು. ಬಡಿಯುವಾಗ ರೊಟ್ಟಿ ತಾನಾಗಿಯೇ ಸುತ್ತ ತಿರುಗಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವಿಯಿಂದ ಮೇಲೆ ನೀರು ಸವರಿ, ತಿರುವಿ, ಆಮೇಲೆ ಒಲೆಯ ಪಕ್ಕ ನಿಲ್ಲಿಸಿ ಕಟಕ್ ಮಾಡುವುದು. ಹಸಿ ಉಳಿದರೆ ಬೂಸು ಹಿಡಿಯುತ್ತದೆ. ಸೊಸೆಯಂದಿರನ್ನು ಬೈಯುತ್ತಿದ್ದಳು, ನಿಜ. ಮನೆಗಾದರೆ ಹೆಂಗಾದರೂ ನಡೀತದ, ಇದು ಗುರುತಿಲ್ಲದವರ ಎಲಿಗೆ ಹೋಗೂದು ಅನ್ನುತ್ತಿದ್ದಳು. ಆ ಮಾತು ನನಗೆ ಬಹಳ ದೊಡ್ಡದು ಅನ್ನಿಸುತ್ತದೆ. ಯಾರೆಂದು ತಿಳಿಯದವರಿಗೆ ಹೋಗುವ ರೊಟ್ಟಿ ಮನೆಯ ರೊಟ್ಟಿಗಿಂತ ಚೆನ್ನಾಗಿರಬೇಕು ಅಂತ ಅವಳು ನಂಬಿದ್ದಳು.

ಇವತ್ತು ಮುಂಜಾನೆಯಿಂದ ಮಾತಾಡಿದ ಹಿರಿಯರೆಲ್ಲ ಅವಳನ್ನು ತ್ಯಾಗಮಯಿ ಅಂದಿರಿ. ಪ್ರೀತಿಯಿಂದಲೇ ಅಂದಿದ್ದೀರಿ. ಆದರೆ ನನಗೆ ಅದು ಸಾಲದು. ತ್ಯಾಗ ಅಂದುಬಿಟ್ಟರೆ ಅವಳ ಕೈಯ ಕಸುಬು ಕಾಣುವುದಿಲ್ಲ, ಅವಳ ಬುದ್ಧಿ ಕಾಣುವುದಿಲ್ಲ. ಅವಳಿಗೆ ಕೆಲಸದಲ್ಲಿ ಗರ್ವ ಇತ್ತು, ತನ್ನಂಥ ಕೌದಿ ಈ ಸುತ್ತಿನಲ್ಲಿ ಯಾರೂ ಹೊಲಿಯುವುದಿಲ್ಲ ಅಂತ ಗೊತ್ತಿತ್ತು, ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದಳು. ದಸರೆಗೆ ಹಾಸಿಗೆ ಒಗೆಯಲು ಹಳ್ಳಕ್ಕೆ ಹೋದಾಗ, ನೆಂದ ಕೌದಿಯನ್ನು ಇಬ್ಬರು ಎರಡು ಕಡೆ ಹಿಡಿದು ಹಿಂಡಬೇಕು, ಅಷ್ಟು ಭಾರ. ಆಗ ಬೇರೆಯವರ ಕೌದಿಯ ದಾರ ಪಟಪಟ ಹರಿಯುತ್ತಿತ್ತು. ಅವಳದು ಹರಿಯುತ್ತಿರಲಿಲ್ಲ. ಅವಳು ಎಲ್ಲರಿಗೂ ಕೇಳುವ ಹಾಗೆ ನಗುತ್ತಿದ್ದಳು.

ತೊಂಬತ್ತು ದಾಟಿದ ಮೇಲೂ ಸೂಜಿಗೆ ದಾರ ಪೋಣಿಸಿ ಕೊಡು ಅಂತ ಮೊಮ್ಮಕ್ಕಳನ್ನು ಕರೆಯುತ್ತಿದ್ದಳು. ಕೊನೆಯ ಕೆಲವು ತಿಂಗಳು ಹಾಸಿಗೆ ಹಿಡಿದಳು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಓಣಿಯವರು ಸರದಿಯಲ್ಲಿ ಬಂದು ನೋಡಿಕೊಂಡಿರಿ, ನಮ್ಮ ಮನೆಯವರು ಅದನ್ನು ಮರೆಯುವುದಿಲ್ಲ. ಅವಳು ಹೋದ ಮೇಲೆ ಟ್ರಂಕು ತೆಗೆದು ನೋಡಿದರೆ ತನಗೆ ಅಂತ ಇಟ್ಟುಕೊಂಡ ಹೊಸ ಕೌದಿ ಒಂದೂ ಇರಲಿಲ್ಲ. ತುಂಡುಗಳು ಮಾತ್ರ ಇದ್ದವು, ಬಣ್ಣ ಬಣ್ಣಕ್ಕೆ ಬೇರೆ ಬೇರೆ ಗಂಟು ಕಟ್ಟಿ.

ಕಾಲೇಜಿಗೆ ಹೋಗುವ ಹುಡುಗಿಯರಿಗೆ ಒಂದು ಮಾತು, ಹುಡುಗರಿಗೂ. ನಿಮ್ಮ ಮನೆಯಲ್ಲಿ ಕೌದಿ ಹೊಲಿಯುವ ಹಿರಿಯರು ಇನ್ನೂ ಇದ್ದರೆ ಮೊಬೈಲ್ ಹಿಡಿದು ಅವರ ಕೈಯನ್ನು ಚಿತ್ರೀಕರಿಸಿ. ಮುಖ ಎಲ್ಲರೂ ತೆಗೆಯುತ್ತಾರೆ, ನೀವು ಕೈ ತೆಗೆಯಿರಿ. ಯಾವ ತುಂಡು ಯಾರದು ಅಂತ ಕೇಳಿ, ಅವರ ದನಿಯಲ್ಲೇ ಇಟ್ಟುಕೊಳ್ಳಿ.

ಮತ್ತೆ ಜಾತ್ರೆ ಹತ್ತಿರ ಬಂತು. ಈ ಸಲವೂ ನಮ್ಮ ಓಣಿಯ ರೊಟ್ಟಿ ನಮ್ಮ ಮನೆಯಲ್ಲೇ. ಆಯಿಯ ಎರಡೂ ಹಂಚು ಇವೆ, ಕಟ್ಟಿಗೆ ತರಿಸಿದ್ದೇವೆ, ಜೋಳ ಬೀಸಿಸಿ ಇಟ್ಟಿದ್ದೇವೆ. ಬಡಿಯಲು ಬರುವವರು ಬೆಳಿಗ್ಗೆ ಬೇಗ ಬನ್ನಿ, ಬಿಸಿಲೇರಿದರೆ ಒಲೆಯ ಮುಂದೆ ಕೂರುವುದು ಕಷ್ಟ. ರೊಟ್ಟಿ ಬಡಿಯಲು ಗೊತ್ತಿಲ್ಲದವರೂ ಬನ್ನಿ, ಕಲಿಸಲು ನಮ್ಮ ಅವ್ವ ಇದ್ದಾಳೆ.

ಶರಣು.