ವಿಡಿಯೋ ನಿಲ್ಲಿಸಿ, ಸೂಜಿ ಹಿಡಿಯಿರಿ

ನಮಸ್ಕಾರ. ಧಾರವಾಡದ ಸಪ್ತಾಪುರದಲ್ಲಿ ಒಮ್ಮೆ ಅಡ್ಡಾಡಿ ನೋಡಿ. ಎತ್ತ ತಿರುಗಿದರೂ ಕೋಚಿಂಗ್ ಬೋರ್ಡು. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ. ಅದರ ನಡುವೆ ಸ್ಪೋಕನ್ ಇಂಗ್ಲಿಷ್, ಟ್ಯಾಲಿ, ಟೈಪಿಂಗ್. ಎಲ್ಲರಿಗೂ ಬೇಗ ಕಲಿಯಬೇಕು. ಅದರಲ್ಲಿ ತಪ್ಪೇನೂ ಇಲ್ಲ. ನವಲಗುಂದದಿಂದಲೋ ರೋಣದಿಂದಲೋ ಬಂದು ಪಿಜಿಯಲ್ಲಿರುವ ಹುಡುಗಿಗೆ ಪ್ರತಿ ತಿಂಗಳ ಬಾಡಿಗೆಯೂ ಭಾರ. "ನಿಧಾನಕ್ಕೆ ಕಲಿಯಮ್ಮಾ" ಎಂದು ಅವಳಿಗೆ ಹೇಳುವುದು ಸರಿಯಲ್ಲ.

ನನ್ನ ತಕರಾರು ಬೇರೆ. ಕಲಿತ ಹಾಗೆ ಅನ್ನಿಸಿದ್ದನ್ನೇ ನಾವು ಕಲಿಕೆ ಅಂದುಕೊಳ್ಳುತ್ತಿದ್ದೇವೆ. ಅದಕ್ಕೇ ದುಡ್ಡು ಕೊಡುತ್ತಿದ್ದೇವೆ. ನಮ್ಮ ಹುಡುಗರ ಸಮಯ ಹಾಳಾಗುತ್ತಿರುವುದು ಇಲ್ಲೇ.

ನಮ್ಮ ಧಾರವಾಡದ ಕಸೂತಿಯನ್ನೇ ತಗೊಳ್ಳಿ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಥರದ ಹೊಲಿಗೆ. ಬಟ್ಟೆಯ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬರೆದುಕೊಳ್ಳುವ ಪದ್ಧತಿ ಇದರಲ್ಲಿಲ್ಲ. ಎಳೆ ಎಣಿಸಿಯೇ ಹಾಕಬೇಕು. ಗವಂತಿಯಲ್ಲಿ ಒಂದು ಹೊಲಿಗೆ, ಒಂದು ಖಾಲಿ ಜಾಗ, ಹೀಗೆ ಬಿಟ್ಟು ಬಿಟ್ಟು ಹೋಗುತ್ತೀರಿ. ವಾಪಸ್ ಬರುವಾಗ ಖಾಲಿ ಜಾಗ ತುಂಬುತ್ತೀರಿ. ಗಂಟು ಹಾಕುವ ಹಾಗಿಲ್ಲ. ಸರಿಯಾಗಿ ಹಾಕಿದರೆ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ.

ಇದನ್ನು ಕಲಿಸುವ ವಿಡಿಯೋಗಳು ಬೇಕಾದಷ್ಟಿವೆ. ಚಿಗರಿ ಬಸ್ಸು ಹುಬ್ಬಳ್ಳಿಯಿಂದ ಧಾರವಾಡ ಮುಟ್ಟುವುದರೊಳಗೆ ಎರಡು ಮೂರು ನೋಡಿ ಮುಗಿಸಬಹುದು. ನೋಡುವಾಗ ಎಲ್ಲವೂ ಸಲೀಸು. ಮನೆಗೆ ಬಂದು ಸೂಜಿ ಹಿಡಿದಾಗಲೇ ಗೊತ್ತಾಗುವುದು. ಗೋಪುರದ ಚಿತ್ತಾರ ಹಾಕುವಾಗ ಗೆರೆ ಒಂದು ಕಡೆ ಕವಲೊಡೆಯುತ್ತದೆ. ಆ ಕವಲಿಗೆ ಈಗ ಹೋಗಬೇಕಾ, ವಾಪಸ್ ಬರುವಾಗಲಾ? ವಿಡಿಯೋದಲ್ಲಿ ಆ ಕೈ ಯಾಕೆ ಆ ಕಡೆಗೇ ತಿರುಗಿತು? ನೀವು ನೋಡಿದ್ದೀರಿ, ಆದರೆ ಆ ತೀರ್ಮಾನ ನಿಮ್ಮದಾಗಿರಲಿಲ್ಲ. ಕಸೂತಿ ಕಲಿಯುವುದು ಅಂದರೆ ಆ ತೀರ್ಮಾನ ತಗೊಳ್ಳಲು ಕಲಿಯುವುದು.

ಹಾಗಾಗಿ ನಾನು ಹೇಳುವುದು ಇಷ್ಟು. ಐದು ನಿಮಿಷ ನೋಡಿ, ಫೋನು ಮಗುಚಿ ಇಡಿ. ಎಳೆ ಸುಲಭವಾಗಿ ಎಣಿಸಲು ಬರುವ ಮ್ಯಾಟಿ ಬಟ್ಟೆ ತಗೊಳ್ಳಿ. ಗವಂತಿಯ ಒಂದೇ ಒಂದು ಗೆರೆ ಹಾಕಿ, ತಿರುಗಿ ಬನ್ನಿ. ಅದು ಬಂದ ಮೇಲೆ ಮೆಟ್ಟಿಲಿನ ಹಾಗೆ ಏರುವ ಮುರ್ಗಿ ಹೊಲಿಗೆ. ತೇರು, ಆನೆ ಎಲ್ಲಾ ಆಮೇಲೆ. ಇನ್ನು ಪ್ರತಿ ಗೆರೆ ಮುಗಿದಾಗಲೂ ಬಟ್ಟೆ ತಿರುಗಿಸಿ ಹಿಂಬದಿ ನೋಡಿ. ಒಂದು ಎಳೆ ತಪ್ಪಿದ್ದರೂ ಅಲ್ಲಿ ಕಾಣುತ್ತದೆ. ಯಾರೂ ಬಂದು ಹೇಳಬೇಕಾಗಿಲ್ಲ. ತಪ್ಪು ತಕ್ಷಣ ಕಾಣುವಂಥ ವ್ಯವಸ್ಥೆ ಈ ಕಲೆಯಲ್ಲೇ ಇದೆ, ಎಷ್ಟು ಚೆಂದ ಅಲ್ವಾ?

ಎಲ್ಲಾ ವಿದ್ಯೆಗೂ ಹೀಗೆ ಹಿಂಬದಿ ಇರುವುದಿಲ್ಲ. ಸಂಗೀತದಲ್ಲಿ ಆ ಕೆಲಸ ಗುರುವಿನ ಕಿವಿಯದು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತು ಕಲಿತರು. ಬರೀ ಹಾಡು ಕೇಳುವುದಕ್ಕಾದರೆ ಅಷ್ಟು ಓಡಾಟ ಬೇಕಿರಲಿಲ್ಲ. ಶಿಷ್ಯೆ ಹಾಡಬೇಕು, ಗುರು ಕೇಳಿ ಅಲ್ಲೇ ತಿದ್ದಬೇಕು. ಅದಕ್ಕೇ ಹೋಗುತ್ತಿದ್ದರು.

ಈಗ ಸಮಯದ ಲೆಕ್ಕಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಅಂಚೆ ಇಲಾಖೆಯ ನೌಕರರಿಗೆ ಟೈಪಿಂಗ್ ಕಲಿಸುವಾಗ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಇಬ್ಬರು ಸಂಶೋಧಕರು ಒಂದು ಪರೀಕ್ಷೆ ಮಾಡಿದರು. 1978ರಲ್ಲಿ ಅದು ಪ್ರಕಟವಾಯಿತು. ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ. ಇನ್ನೊಂದಕ್ಕೆ ಎರಡೆರಡು ಗಂಟೆಯಂತೆ ಎರಡು ಸಲ, ಒಟ್ಟು ನಾಲ್ಕು ಗಂಟೆ. ಕೀಬೋರ್ಡು ಕಲಿಯಲು ಮೊದಲ ಗುಂಪಿಗೆ ಸುಮಾರು 35 ಗಂಟೆ ಸಾಕಾಯಿತು. ಎರಡನೆಯದಕ್ಕೆ ಸುಮಾರು 50 ಗಂಟೆ ಹಿಡಿಯಿತು. ಕಲಿತದ್ದು ಕೈಯಲ್ಲಿ ಉಳಿಯುವ ವಿಷಯದಲ್ಲೂ ನಾಲ್ಕು ಗಂಟೆಯವರೇ ಹಿಂದೆ. ಆದರೆ ತರಬೇತಿಯ ಬಗ್ಗೆ ಎಲ್ಲರಿಗಿಂತ ಜಾಸ್ತಿ ಅಸಮಾಧಾನ ಇದ್ದದ್ದು ಯಾರಿಗೆ ಗೊತ್ತಾ? ದಿನಕ್ಕೆ ಒಂದು ಗಂಟೆಯವರಿಗೆ! ಅಷ್ಟು ಚೆನ್ನಾಗಿ ಕಲಿಯುತ್ತಿದ್ದರೂ ಹಿಂದೆ ಬಿದ್ದಿದ್ದೇವೆ ಅನ್ನಿಸುತ್ತಿತ್ತು ಅವರಿಗೆ.

ಕ್ರ್ಯಾಶ್ ಕೋರ್ಸು ಯಾಕೆ ಖರ್ಚಾಗುತ್ತದೆ ಎಂದು ಇದರಲ್ಲೇ ತಿಳಿಯುತ್ತದೆ. ಬೆಳಗಿನಿಂದ ಸಂಜೆತನಕ ಒಂದೇ ವಿಷಯ ಕೇಳಿದರೆ ತಲೆ ತುಂಬಿದ ಹಾಗಿರುತ್ತದೆ, ಮನಸ್ಸಿಗೆ ಸಮಾಧಾನ. ದಿನಕ್ಕೆ ಒಂದೇ ಗಂಟೆ ಕಲಿಸುತ್ತೇವೆ ಎಂದು ಬೋರ್ಡು ಹಾಕಿದರೆ ಯಾರೂ ಒಳಗೆ ಬರುವುದಿಲ್ಲ.

ಓದಿನದೂ ಇದೇ ಕಥೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ಅಮೆರಿಕದ ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ನಾಲ್ಕು ಸುತ್ತೂ ಬರೀ ಓದಿದರು. ಕೆಲವರು ಒಂದು ಸುತ್ತು ಓದಿ, ಉಳಿದ ಮೂರು ಸುತ್ತು ಹಾಳೆ ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಎಲ್ಲಾ ಉಲ್ಟಾ. ಬರೀ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇಕಡಾ 40, ಬರೆದವರಿಗೆ ಸುಮಾರು 61. ನೆನಪಿನಲ್ಲಿ ಉಳಿಯುತ್ತದೆ ಎಂಬ ಭರವಸೆ ಜಾಸ್ತಿ ಇದ್ದದ್ದು ಮಾತ್ರ ನಾಲ್ಕು ಸಲ ಓದಿದವರಿಗೆ. ಸಾಲಿನ ಮೇಲೆಲ್ಲಾ ಹಳದಿ ಗೆರೆ ಎಳೆದು ರಾತ್ರಿಯೆಲ್ಲಾ ಓದುವ ಹುಡುಗರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅವರ ಶ್ರಮ ಸುಳ್ಳಲ್ಲ. ಪುಸ್ತಕ ಮುಚ್ಚಿ ಒಂದು ಹಾಳೆ ತುಂಬ ಬರೆಯಲು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

"ಸರಿ ಸರ್, ಬಾಡಿಗೆಗೇನು ಮಾಡೋಣ? ದಿನಕ್ಕೆ ಒಂದೇ ಗಂಟೆ ಕಲಿತರೆ ತಿಂಗಳುಗಟ್ಟಲೆ ಪಿಜಿಯಲ್ಲಿರಬೇಕಲ್ಲ?" ನ್ಯಾಯವಾದ ಪ್ರಶ್ನೆ. ಆ ಅಂಚೆ ನೌಕರರಲ್ಲೂ ಒಂದು ಗಂಟೆಯವರಿಗೆ ದಿನಗಳು ಜಾಸ್ತಿಯೇ ಹಿಡಿದವು. ಆದರೆ ಉಳಿದ ಹೊತ್ತು ಸುಮ್ನೆ ಕೂರಬೇಕು ಅಂತಿಲ್ಲ. ನಾಲ್ಕು ವಿಷಯ ಕಲಿಯಬೇಕಾ? ಒಂದು ವಾರ ಪೂರ್ತಿ ಟೈಪಿಂಗ್, ಇನ್ನೊಂದು ವಾರ ಪೂರ್ತಿ ಟ್ಯಾಲಿ ಎಂದು ಮಾಡಬೇಡಿ. ನಾಲ್ಕನ್ನೂ ದಿನಾ ಒಂದೊಂದು ಗಂಟೆ ಮಾಡಿ. ತಿಂಗಳು ಅದೇ, ಬಾಡಿಗೆ ಅದೇ. ನಾಳೆ ಕೂತಾಗ ನಿನ್ನೆಯದು ಸ್ವಲ್ಪ ಮರೆತಿರುತ್ತದೆ, ಕಿರಿಕಿರಿ ಆಗುತ್ತದೆ. ಆಗಲಿ. ಮರೆತದ್ದನ್ನು ಎಳೆದು ತರುವಾಗಲೇ ಅದು ಗಟ್ಟಿಯಾಗುವುದು. ಅಲ್ಲಿ ಬಿಟ್ಟುಕೊಡಬೇಡಿ, ದಯವಿಟ್ಟು.

ಕೋಚಿಂಗ್ ನಡೆಸುವ ಹಿರಿಯರಲ್ಲಿ ಒಂದು ಮನವಿ. ಎರಡು ಗಂಟೆಯ ಕ್ಲಾಸಿನಲ್ಲಿ ಅರ್ಧ ಗಂಟೆಯಾದರೂ ನೀವು ಮಾತು ನಿಲ್ಲಿಸಿ. ಮಕ್ಕಳೇ ಮಾಡಲಿ, ಬರೆಯಲಿ, ಮಾತಾಡಲಿ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಮೇಷ್ಟ್ರೊಬ್ಬರೇ ಇಂಗ್ಲಿಷ್ ಮಾತಾಡಿದರೆ ಹೇಗೆ?

ಫೀ ಕಟ್ಟುವವರಿಗೂ ಒಂದು ಮಾತು. ದುಡ್ಡು ಕೊಡುವ ಮುಂಚೆ ಒಂದು ಡೆಮೊ ಕ್ಲಾಸಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಪಾಠ ಚೆನ್ನಾಗಿದೆಯೋ ಇಲ್ಲವೋ ಆಮೇಲೆ ನೋಡೋಣ. ಕಲಿಯುವವರ ಕೈ ಎಷ್ಟು ಹೊತ್ತು ಕೆಲಸ ಮಾಡಿತು, ಅವರು ತಪ್ಪಿದಾಗ ಯಾರಾದರೂ ಬಂದು ತಿದ್ದಿದರಾ, ಅದನ್ನು ಗಮನಿಸಿ. ಇಡೀ ಕ್ಲಾಸಿನಲ್ಲಿ ಒಬ್ಬರನ್ನೂ ತಿದ್ದಲಿಲ್ಲವಾದರೆ ಬೇರೆ ಕ್ಲಾಸು ಹುಡುಕಿ.