ಒಲೆಯೊಳಗಿನ ದಿಬ್ಬ

ಕೇಳುಗರೆಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೆಚ್ಚಿನ ಅಡುಗೆಮನೆಗಳಿಗೆ ಗ್ಯಾಸ್ ಬಂದು ದಶಕಗಳೇ ಕಳೆದಿದ್ದರೂ, ಆನೇಕಲ್, ಹೊಸಕೋಟೆ, ನೆಲಮಂಗಲದ ಕಡೆಯ ಎಷ್ಟೋ ಮನೆಗಳಲ್ಲಿ ಹಂಡೆಯ ನೀರು ಕಾಯುವುದು, ಹಬ್ಬದ ದಿನ ದೊಡ್ಡ ಪಾತ್ರೆಯಲ್ಲಿ ಅನ್ನ ಬೇಯುವುದು ಇಂದಿಗೂ ಸೌದೆ ಒಲೆಯ ಮೇಲೆಯೇ. ಎರಡು ಪಾತ್ರೆ ಕೂರುವ, ಹೊಗೆಕೊಳವೆ ಇರುವ ಒಲೆಯ ಒಳಗೆ, ಎರಡನೆಯ ಪಾತ್ರೆಯ ಕೆಳಗೆ ಕಟ್ಟುವ ಒಂದು ಪುಟ್ಟ ತಡೆಯ ಬಗ್ಗೆ ಇಂದು ಮಾತನಾಡುತ್ತೇನೆ. ಇಂಗ್ಲಿಷಿನಲ್ಲಿ ಅದಕ್ಕೆ ಬ್ಯಾಫಲ್ ಎನ್ನುತ್ತಾರೆ. ನಾನು ದಿಬ್ಬ ಎನ್ನುತ್ತೇನೆ.

ಒಲೆಯ ವಿಜ್ಞಾನಕ್ಕೆ ನಮ್ಮ ಊರಿನ ಕೊಡುಗೆ ದೊಡ್ಡದು. ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗಳಿಗೆ ಒದಗಿಸಲು ಆರಂಭವಾದ ಅಸ್ತ್ರ (ASTRA) ಎಂಬ ಕೇಂದ್ರವು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಹಳ್ಳಿಯವರೊಡನೆ ಕೆಲಸ ಮಾಡಿತು. ಮೂರು ಪಾತ್ರೆಗಳ ಅಸ್ತ್ರ ಒಲೆ ಆ ಕೇಂದ್ರದಿಂದಲೇ ಬಂದದ್ದು. ಹಳೆಯ ಒಲೆಯಲ್ಲಿ ಸೌದೆಯ ಶಾಖದಲ್ಲಿ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಪಾತ್ರೆಗೆ ಸೇರುತ್ತಿದ್ದರೆ, ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಈ ಒಲೆ ಶೇಕಡ 40ನ್ನು ದಾಟಿತು.

ಬಿಸಿ ಗಾಳಿ ದಪ್ಪ ಪ್ರವಾಹವಾಗಿ ಸಾಗಿದಾಗ ಅದರ ನಡುವಿನ ಭಾಗ ಪಾತ್ರೆಯನ್ನು ಮುಟ್ಟದೆಯೇ ಹೊಗೆಕೊಳವೆ ಸೇರಿಬಿಡುತ್ತದೆ. ಅದೇ ಗಾಳಿಯನ್ನು ತೆಳುವಾದ ಪದರವಾಗಿ ಪಾತ್ರೆಯ ತಳಕ್ಕೆ ಒತ್ತಿ ಹರಿಸಿದರೆ ಶಾಖ ಪಾತ್ರೆಗೆ ಇಳಿಯುತ್ತದೆ. ದಿಬ್ಬದ ಕೆಲಸ ಇಷ್ಟೇ. ಆದುದರಿಂದ ಅದರ ಜಾಗ ಎರಡನೆಯ ಪಾತ್ರೆಯ ತಳದ ನೇರ ಕೆಳಗೆ. ಬೆಂಕಿಯ ಕಡೆಯಿಂದ ಇಳಿಜಾರಾಗಿ ಏರಬೇಕು, ಕೊಳವೆಯ ಕಡೆಗೆ ಕಡಿದಾಗಿ ಇಳಿಯಬೇಕು. ಮೊದಲ ಪಾತ್ರೆಯ ಕೆಳಗೆ ಇದನ್ನು ಕಟ್ಟಬಾರದು, ಏಕೆಂದರೆ ಅಲ್ಲಿ ಜ್ವಾಲೆಗೆ ಪೂರ್ತಿ ಉರಿಯಲು ಎತ್ತರದ ಜಾಗ ಬೇಕು. ಅರ್ಧ ಉರಿದ ಜ್ವಾಲೆ ತಣ್ಣನೆಯ ಪಾತ್ರೆಗೆ ತಗುಲಿದರೆ ಮಸಿ ಕಟ್ಟುತ್ತದೆ.

ನನ್ನ ಮಟ್ಟಿಗೆ ಎಲ್ಲ ಕಷ್ಟವೂ ಎತ್ತರದಲ್ಲಿದೆ. ನಮ್ಮ ಪಕ್ಕದ ಮನೆಯ ಅಜ್ಜಿಯವರಿಗೆ ಮೇಸ್ತ್ರಿಯೊಬ್ಬರು ಒಲೆ ಕಟ್ಟಿಕೊಟ್ಟರು. ದಿಬ್ಬ ಎತ್ತರವಾದಷ್ಟೂ ಶಾಖ ಹೆಚ್ಚು ಎಂದುಕೊಂಡು, ಪಾತ್ರೆಗೂ ದಿಬ್ಬಕ್ಕೂ ನಡುವೆ ಒಂದು ಬೆರಳೂ ತೂರದಷ್ಟು ಏರಿಸಿದರು. ಮೊದಲ ದಿನವೇ ಹೊಗೆಯೆಲ್ಲ ಸೌದೆ ಇಡುವ ಬಾಯಿಯಿಂದ ಹಿಂದಕ್ಕೆ ನುಗ್ಗಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಊದುಗೊಳವೆ ಹಿಡಿದು ಕುಳಿತಿದ್ದುದು ನನಗೆ ಇನ್ನೂ ಮರೆತಿಲ್ಲ.

ಲೆಕ್ಕ ಸರಳವಾದುದು. ಹೊಗೆಕೊಳವೆಯ ಒಳವ್ಯಾಸ 10 ಸೆಂಟಿಮೀಟರ್ ಇದ್ದರೆ ಅದರ ಬಾಯಿಯ ವಿಸ್ತೀರ್ಣ ಸುಮಾರು 78 ಚದರ ಸೆಂಟಿಮೀಟರ್. ದಿಬ್ಬದ ಮೇಲಿನ ಸಂದಿ ಇದಕ್ಕಿಂತ ಕಡಿಮೆಯಾಗಬಾರದು. ದಾರಿಯ ಅಗಲ 20 ಸೆಂಟಿಮೀಟರ್ ಇದ್ದರೆ ಸಂದಿಯ ಎತ್ತರ 4 ಸೆಂಟಿಮೀಟರಿನ ಆಸುಪಾಸು, ಅಂದರೆ ಹೆಚ್ಚುಕಡಿಮೆ ಎರಡು ಬೆರಳಗಲ ಬೇಕಾಗುತ್ತದೆ. ಪಾತ್ರೆ ಕೂತ ಮೇಲೆ ಒಳಗೆ ಕಾಣುವುದಿಲ್ಲವಲ್ಲ, ಹೀಗಾಗಿ ಅಳೆಯುವುದಕ್ಕೆ ನಾವೊಂದು ದಾರಿ ಮಾಡಿಕೊಂಡೆವು: ದಿಬ್ಬದ ನೆತ್ತಿಯ ಮೇಲೆ ಹಸಿ ಜೇಡಿಮಣ್ಣಿನ ಉಂಡೆಯೊಂದನ್ನು ಇಟ್ಟು, ದಿನವೂ ಬಳಸುವ ಪಾತ್ರೆಯನ್ನೇ ಕೂರಿಸಿ, ಮೆಲ್ಲಗೆ ಎತ್ತಿ, ಅದುಮಿ ಚಪ್ಪಟೆಯಾದ ಉಂಡೆಯ ದಪ್ಪವನ್ನು ಅಳೆದೆವು. ಅದು ಒಂದೂವರೆ ಸೆಂಟಿಮೀಟರ್ ಇತ್ತು. ನೆತ್ತಿಯನ್ನು ಎರಡೂವರೆ ಸೆಂಟಿಮೀಟರ್ ಕೆತ್ತಿ ಇಳಿಸಿದ ಮೇಲೆ ಹೊಗೆ ಕೊಳವೆಯ ದಾರಿ ಹಿಡಿಯಿತು. ಮನೆಯಲ್ಲಿ ಪಾತ್ರೆ ಬದಲಾಯಿಸಿದರೆ ಈ ಅಳತೆಯನ್ನು ಮತ್ತೆ ಮಾಡಲೇಬೇಕು, ಏಕೆಂದರೆ ದುಂಡು ತಳದ ಪಾತ್ರೆ ಚಪ್ಪಟೆ ತಳದ್ದಕ್ಕಿಂತ ಕೆಳಗೆ ಇಳಿದು ಕೂರುತ್ತದೆ.

ದಿಬ್ಬಕ್ಕೆ ಇಟ್ಟಿಗೆ ಚೂರು ಮತ್ತು ಹೊಟ್ಟು ಕಲೆಸಿದ ಜೇಡಿಮಣ್ಣು ಸಾಕು. ಸಿಮೆಂಟು ಬೇಡ, ಶಾಖಕ್ಕೆ ಅದರೊಳಗೆ ಕೂಡಿಕೊಂಡಿರುವ ನೀರು ಬಿಟ್ಟುಹೋಗಿ ಅದು ಬಿರಿಯುತ್ತದೆ. ತೆಳು ತಗಡು ಕೆಂಪಗೆ ಕಾದು ಸೊಟ್ಟಗಾಗುತ್ತದೆ. ಮಣ್ಣು ನೆರಳಿನಲ್ಲಿ ನಿಧಾನವಾಗಿ ಒಣಗಲಿ, ಬಿರುಕು ಕಂಡರೆ ತೆಳು ಮಣ್ಣು ಬಳಿಯಿರಿ, ಆಮೇಲೆ ಸಣ್ಣ ಉರಿಯಿಂದ ಆರಂಭಿಸಿ.

ಹೊಗೆ ಹಿಂದಕ್ಕೆ ಬರುವ ಒಲೆಯನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದು ಗಳಿಗೆಯೂ ಉರಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಆದರೆ ಅದು ಪ್ರಾಣ ತೆಗೆಯುತ್ತದೆ.

ದಿಬ್ಬದ ಹಿಂಬದಿಯ ತಗ್ಗಿನಲ್ಲಿ ಹಾರುಬೂದಿ ಸದ್ದಿಲ್ಲದೆ ತುಂಬಿಕೊಳ್ಳುತ್ತದೆ. ಎಂಟು ದಿನಕ್ಕೊಮ್ಮೆ ಒಲೆ ಪೂರ್ತಿ ಆರಿದ ಮೇಲೆ ಎರಡನೆಯ ಪಾತ್ರೆ ಎತ್ತಿ, ಕೈ ಇಳಿಬಿಟ್ಟು ಆ ಬೂದಿಯನ್ನು ಬಳಿದು ತೆಗೆಯಿರಿ. ಆಗಲೇ ನೆತ್ತಿಯನ್ನೂ ಸವರಿ ನೋಡಿ, ಸವೆದಿದ್ದರೆ ಹಸಿ ಮಣ್ಣಿನ ಉಂಡೆಯಿಟ್ಟು ಮತ್ತೊಮ್ಮೆ ಅಳೆಯಿರಿ. ನಮಸ್ಕಾರ.